ರೈಲು ಕೇರಿಗೆ ಹೋಗದ ಹೇಳಿಕೆ

ಹೊಸ ಶಾಲೆಗೆ ಹೆಡ್ ಮಾಸ್ತರರಾಗಿ ಬಂದವರ ಕುರ್ಚಿಯನ್ನು ಅಕ್ಕ ಮೊದಲ ದಿನವೇ ಹೊರಗೆ ಹಾಕಿಸುತ್ತಿದ್ದಳು. ಅದನ್ನು ನನ್ನ ಗೂಡ್ಸ್ ರಿಕ್ಷಾಕ್ಕೆ ಹೇರಿಕೊಂಡು ಬರುವುದು ನನ್ನ ಕೆಲಸ. ತಿಂಗಳೊಪ್ಪತ್ತು ಅದು ನಮ್ಮ ಜಗುಲಿಯ ಮೇಲೆ ಇರುತ್ತಿತ್ತು. ಅದರಲ್ಲಿ ನಮ್ಮ ಬೆಕ್ಕು ಮಲಗುತ್ತಿತ್ತು. ಕಾರವಾರದಿಂದ ಬಂದ, ಎಂ.ಎ. ಮಾಡಿದ ಮಾಸ್ತರರೊಬ್ಬರು, ಹಾಗಾದರೆ ತಾನು ಕೂರುವುದು ಎಲ್ಲಿ ಎಂದು ಕೇಳಿದರು. ಒಂದನೇ ಇಯತ್ತೆಯ ಕೊನೆಯ ಸಾಲಿನಲ್ಲಿ ಜಾಗ ಇದೆ ಎಂದಳು ಅಕ್ಕ. ಅವರು ಸಿಟ್ಟಿನಿಂದಲೇ ಹೋಗಿ ಕೂತರು. ಸಣ್ಣ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಲ್ಲಿ ಕೂತ ಮೇಲೆಯೇ ಅವರಿಗೆ ಗೊತ್ತಾಯಿತಂತೆ, ಕಿಟಕಿಯ ಬೆಳಕು ಹೊಡೆದು ಆ ಸಾಲಿನವರಿಗೆ ಹಲಗೆಯ ಮೇಲಿನ ಅಕ್ಷರ ಕಾಣುವುದೇ ಇಲ್ಲ ಎಂದು. ಮರುದಿನ ಹಲಗೆಯ ಜಾಗ ಬದಲಾಯಿತು. ಆ ಮಾಸ್ತರರು ಈಗಲೂ ಅದೇ ಶಾಲೆಯಲ್ಲಿದ್ದಾರೆ. ಅಕ್ಕ ತೀರಿಕೊಂಡ ದಿನ ಎಲ್ಲರಿಗಿಂತ ಮೊದಲು ಬಂದವರು ಅವರೇ.

ಅಕ್ಕ ಶಾಲೆಗಳಿಗೆ ಹೆಡ್‌ಗಳನ್ನು ತಯಾರು ಮಾಡುವವಳು. ಕಲಿಸುವ ಮಾಸ್ತರರನ್ನಲ್ಲ, ಶಾಲೆ ನಡೆಸುವವರನ್ನು. ಇಂಥ ಒಂದು ಕೆಲಸ ಇದೆ ಎಂದು ನನಗೂ ಮೊದಲು ಗೊತ್ತಿರಲಿಲ್ಲ. ನಮ್ಮ ಹಳೆಯ ಊರು ಕಡಲ ಬದಿಗೆ ಇತ್ತು. ನೌಕಾನೆಲೆಗೆ ಜಾಗ ಹೋದಾಗ ನಾವೆಲ್ಲ ಎದ್ದು, ಕಾರವಾರ ಅಂಕೋಲೆಗಳ ನಡುವೆ ಹೆದ್ದಾರಿಯ ಪಕ್ಕದ ಕಾಲನಿಗೆ ಬಂದೆವು. ಮನೆ ಕಟ್ಟಿಕೊಂಡೆವು, ಬಾವಿ ತೋಡಿದೆವು, ದೇವರನ್ನು ತಂದು ಕೂರಿಸಿದೆವು. ಶಾಲೆ ಮಾತ್ರ ಹೆದ್ದಾರಿಯ ಆಚೆ ಉಳಿಯಿತು. ಲಾರಿಗಳ ನಡುವೆ ಸಣ್ಣ ಮಕ್ಕಳು ರಸ್ತೆ ದಾಟಬೇಕಿತ್ತು. ಇಂಥ ಕಡೆಗಳಲ್ಲಿ ಊರಿನವರೇ ಸಮಿತಿ ಮಾಡಿ ಹೊಸ ಶಾಲೆ ತೆರೆಯುವುದಾದರೆ ಸರಕಾರ ಜಾಗ ಮತ್ತು ಪರವಾನಗಿ ಕೊಡುತ್ತಿತ್ತು. ಮೂರು ವರ್ಷದೊಳಗೆ ಶಾಲೆ ನಿಂತು ತೋರಿಸಬೇಕು, ಇಲ್ಲವಾದರೆ ಪರವಾನಗಿ ವಾಪಸ್. ಕಾರವಾರದ ಒಂದು ಸಂಸ್ಥೆ ಈ ಸಮಿತಿಗಳ ಬೆನ್ನಿಗೆ ನಿಂತಿತ್ತು. ಅಕ್ಕ ಆ ಸಂಸ್ಥೆಯವಳು. ಬೊಬ್ರುವಾಡದ ಕಡೆಗೆ ಒಂದು, ಮಲ್ಲಾಪುರದ ದಾರಿಯಲ್ಲಿ ಹೊಳೆ ನೆರೆಗೆ ಮನೆ ಬಿಟ್ಟವರ ವಸ್ತಿಯಲ್ಲಿ ಒಂದು, ಹೀಗೆ ಅವಳು ನಿಲ್ಲಿಸಿದ ಶಾಲೆಗಳು ಈಗಲೂ ನಡೆಯುತ್ತಿವೆ. ನಿಲ್ಲದೆ ಹೋದದ್ದು ನಮ್ಮ ಕಾಲನಿಯದ್ದು. ಅದು ನಿಲ್ಲದೆ ಹೋದದ್ದು ನನ್ನಿಂದ. ಅದರ ಹೊಣೆ ಇನ್ನೊಬ್ಬರ ತಲೆಗೆ ಬಂತು.

ನಾನು ಕಲಿತದ್ದು ಐದನೇ ಇಯತ್ತೆಯವರೆಗೆ. ಅಕ್ಕನನ್ನು ಓದಿಸಲು ನನ್ನನ್ನು ಬಿಡಿಸಿದರು ಎಂದು ಕೆಲವರು ಹೇಳುವುದುಂಟು. ಅದು ಸುಳ್ಳು. ನನಗೆ ಪುಸ್ತಕಕ್ಕಿಂತ ಗದ್ದೆಯ ಬದುವಿನ ಏಡಿ ಹೆಚ್ಚು ಇಷ್ಟವಿತ್ತು, ಅಷ್ಟೇ. ಅಪ್ಪ ಹೋದ ಮೇಲೆ ಮನೆಯಲ್ಲಿ ಗಂಡಸು ಅಂತ ನಾನೊಬ್ಬ. ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಿದವನಲ್ಲ, ಅವಳು ಹೇಳಿದವಳಲ್ಲ.

ಅವಳಿಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ನನ್ನ ರಿಕ್ಷಾದಲ್ಲಿ ಸಿಮೆಂಟು ಚೀಲದ ಜೊತೆಗೆ, ಮೀನಿನ ಬುಟ್ಟಿಯ ಜೊತೆಗೆ, ಕೊಡೆಯನ್ನು ನೇರ ಹಿಡಿದುಕೊಂಡು ಕೂತು ಹೋಗುತ್ತಿದ್ದಳು. ಅಧಿಕಾರಿಗಳ ಹತ್ತಿರ ಪುಸ್ತಕದ ಕನ್ನಡ, ಕಾರವಾರ ಪೇಟೆಯಲ್ಲಿ ಕೊಂಕಣಿ, ಮನೆಯಲ್ಲಿ ನಮ್ಮ ಮಾತು. ಬೈಯುವಾಗ ಮಾತ್ರ ಮೂರೂ ಬರುತ್ತಿದ್ದವು. ಒಮ್ಮೆ ಒಬ್ಬ ಇಂಜಿನಿಯರು ಬಂದು, ಮಳೆಗಾಲಕ್ಕೆ ಮೊದಲು ಶಾಲೆಯ ಹೆಂಚಿನ ಮಾಡು ಗಟ್ಟಿ ಮಾಡೋಣ, ಹೆಡ್ ನೇಮಕ ಆಮೇಲೆ ನೋಡಿದರಾಯಿತು ಎಂದರು. ಅದಕ್ಕೆ ಅಕ್ಕ, "ಮಾಡು ಸೋರಿದ್ರೆ ಅಡೀಲಿ ಬಾಲ್ದಿ ಇಡ್ಬಹುದ್ರಾ. ಹೆಡ್ಡೇ ಸೋರಿದ್ರೆ ಎಂತ ಇಡೂದು?" ಎಂದಳು.

ಕಾರವಾರದಲ್ಲಿ ಹೊಸ ಹೆಡ್‌ಗಳಿಗೆ ತರಬೇತಿ ನಡೆಯುವಾಗ ನನಗೂ ಒಂದು ಕೆಲಸ ಇತ್ತು. ಸಿಟ್ಟಿಗೆದ್ದ ಅಪ್ಪನಾಗಿ ಒಳಗೆ ಬಂದು ಅವರನ್ನು ಬೈಯುವುದು. ಬೈದಾಗ ಯಾರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಅಕ್ಕ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. "ತಮಾ, ನಿಂಗೆ ಚಲೋ ಬರೂದು ಅದೊಂದೇ. ಸಮಾ ಮಾಡು," ಎಂದು ನನ್ನನ್ನು ಒಳಗೆ ಕಳಿಸುತ್ತಿದ್ದಳು. ನನ್ನ ಮಗಳ ಕಿವಿ ಹಿಂಡಿದ್ದು ಯಾರು, ನಿಮ್ಮ ಶಾಲೆಗೆ ಬೆಂಕಿ ಬೀಳಲಿ ಎಂದೆಲ್ಲ ನಾನು ಕೂಗುತ್ತಿದ್ದೆ. ಡಿಗ್ರಿ ಮಾಡಿದವರು ಬೆವರುತ್ತಿದ್ದರು. ಕೆಲವರು ನಿಯಮ ಹೇಳುತ್ತಿದ್ದರು, ಕೆಲವರು ನಾಳೆ ಬನ್ನಿ ಎನ್ನುತ್ತಿದ್ದರು. ಅಂಕೋಲೆ ಕಡೆಯ ಬೇಲೆಕೇರಿಯಿಂದ ಬಂದ ಸುಮನಾ ಎಂಬ ಹುಡುಗಿ ಮಾತ್ರ ಎದ್ದು ಹೋಗಿ ಚಾಪೆ ತಂದು ಹಾಸಿದಳು. "ಕೂತ್ಕಂಡು ಬೈರಿ. ನಿಂತ್ರೆ ಕಾಲು ನೋಯ್ತದೆ," ಎಂದಳು. ನನಗೆ ನಗು ಬಂದು ಮುಂದಿನ ಬೈಗುಳ ಮರೆತುಹೋಯಿತು. ಮನೆಗೆ ಬರುವಾಗ ರಿಕ್ಷಾದಲ್ಲಿ, ನಮ್ಮ ಕಾಲನಿಯ ಶಾಲೆಗೆ ಹೆಡ್ ಸಿಕ್ಕಳು ಎಂದಳು ಅಕ್ಕ.

ಅಕ್ಕ ಎಲ್ಲರಿಗೂ ಕಲಿಸುತ್ತಿದ್ದ ದೊಡ್ಡ ಪಾಠ ಹೇಳಿಕೆಯದು. ನಮ್ಮ ಕಡೆ ಮದುವೆಗೆ, ತಿಥಿಗೆ, ಯಾವ ಕಾರ್ಯಕ್ಕಾದರೂ ಮನೆಯ ಗಂಡಸು ಮನೆ ಮನೆಗೆ ಹೋಗಿ ಬಾಯಿಂದ ಕರೆಯಬೇಕು. ಅದಕ್ಕೆ ಹೇಳಿಕೆ ಎನ್ನುತ್ತೇವೆ. ಕಾಗದ ಹಂಚಿದರೆ ಅದು ಹೇಳಿಕೆಯಲ್ಲ. ಜಗುಲಿಯ ಕೆಳಗೆ ನಿಂತು, ಯಜಮಾನನ ಹೆಸರು ಹಿಡಿದು, ಇಂಥ ದಿನ ನಮ್ಮಲ್ಲಿ ಕಾರ್ಯ, ನೀವು ಮನೆ ಸಮೇತ ಬಂದು ಚಂದ ಮಾಡಿಕೊಡಬೇಕು ಎನ್ನಬೇಕು. ಅವರು ಕೊಟ್ಟ ಬೆಲ್ಲ ನೀರು ಕುಡಿದು ಬರಬೇಕು. ಒಂದು ಮನೆ ತಪ್ಪಿದರೆ ಆ ಮನೆಯವರು ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಹೇಳುವುದೂ ಇಲ್ಲ. ನಮಗೆ ಹೇಳಿಕೆ ಬರಲಿಲ್ಲ ಎಂದು ತಾವಾಗಿ ಬಾಯಿ ಬಿಡುವುದು, ಕರೆಯದ ಮನೆಗೆ ಊಟಕ್ಕೆ ಹೋದಷ್ಟೇ ಹೀನಾಯ.

ಹೊಸ ಕಾಲನಿಗಳಲ್ಲಿ ಬೇರೆ ಬೇರೆ ಕೇರಿಗಳಿಂದ ಎದ್ದು ಬಂದವರು ಒಟ್ಟಿಗೆ ಸೇರಿರುತ್ತಾರೆ. ಇದು ಯಾರ ಶಾಲೆ ಎಂಬ ಅನುಮಾನ ಎಲ್ಲರಿಗೂ ಇರುತ್ತದೆ. ನೋಟೀಸು ಅಂಟಿಸಿದರೆ ಅದು ಸಂಸ್ಥೆಯ ಶಾಲೆ, ಹೇಳಿಕೆ ಕೊಟ್ಟರೆ ಅದು ಊರಿನ ಕಾರ್ಯ ಎನ್ನುತ್ತಿದ್ದಳು ಅಕ್ಕ. ಬೊಬ್ರುವಾಡದ ಕಡೆಯ ಶಾಲೆ ನಿಂತದ್ದು ಹಾಗೆಯೇ. ಅಲ್ಲಿ ಮೊದಲ ದಿನ ಮಕ್ಕಳ ಹಿಂದೆ ಅಜ್ಜಿಯರೂ ಬಂದು ಕೂತಿದ್ದರು.

ನಮ್ಮ ಕಾಲನಿಯಲ್ಲಿ ಮೂರು ಕೇರಿ. ಹೆದ್ದಾರಿಯ ಬದಿಗೆ ನಮ್ಮದು, ನಂತರ ನಡು ಕೇರಿ, ಕೊನೆಗೆ ಹಳಿಯ ಹತ್ತಿರ ರೈಲು ಕೇರಿ, ಕಾಲನಿಯ ಅರ್ಧ ಮನೆಗಳು ಅಲ್ಲೇ. ಶಾಲೆಯನ್ನು ಎಲ್ಲರೂ ಅಕ್ಕನ ಕಾರ್ಯ ಎಂದೇ ತಿಳಿದಿದ್ದರಿಂದ ಹೇಳಿಕೆ ನಮ್ಮ ಮನೆಯಿಂದ ಹೋಗಬೇಕಿತ್ತು. ಎಂದರೆ ನಾನು ಹೋಗಬೇಕಿತ್ತು. ನಮ್ಮ ಕೇರಿಗೂ ನಡು ಕೇರಿಗೂ ಸುಮನಾ ನನ್ನ ಜೊತೆ ಬಂದಳು. ನಾನು ಗಂಡಸರಿಗೆ ಹೇಳುತ್ತಿದ್ದೆ, ಅವಳು ಹಿತ್ತಲಿಗೆ ಹೋಗಿ ಹೆಂಗಸರಿಗೆ ಹೇಳುತ್ತಿದ್ದಳು. ರೈಲು ಕೇರಿಗೆ ಹೋಗಬೇಕಾದ ಬೆಳಿಗ್ಗೆ ಅವಳನ್ನು ಪಾಠಪುಸ್ತಕ ತರಲು ಕಾರವಾರಕ್ಕೆ ಕರೆದಿದ್ದರು. ನಾನೊಬ್ಬನೇ ಹೊರಟೆ.

ರೈಲು ಕೇರಿಯವರ ಮೇಲೆ ನನಗೆ ಒಂದು ಸಿಟ್ಟು ಇತ್ತು. ಹಳೆಯ ಊರಿನಲ್ಲಿ ಅವರು ನಮ್ಮ ನೆರೆಯವರು. ಅಪ್ಪ ಒಂದು ಬೇಲಿ ಹಾಕಿ ಅವರು ಬಾವಿಗೆ ಹೋಗುವ ದಾರಿಯನ್ನು ಸುತ್ತು ಮಾಡಿದ್ದ. ಆ ಹಗೆಯಿಂದ ಅವರು ನನ್ನ ಮದುವೆಗೆ ಬರಲಿಲ್ಲ. ನಾನೇ ಮನೆ ಮನೆಗೆ ಹೋಗಿ, ಬೆಲ್ಲ ನೀರು ಕುಡಿದು ಕರೆದು ಬಂದಿದ್ದೆ. ಆದರೂ ಬರಲಿಲ್ಲ. ಹಾಸಿದ ಎಲೆಗಳು ಒಂದು ಪಂಕ್ತಿ ಹಾಗೇ ಉಳಿದವು. ಹೆಣ್ಣಿನ ಕಡೆಯವರು ನೋಡುತ್ತಿದ್ದರು. ಇನ್ನು ಆ ಜಗುಲಿಗಳ ಮುಂದೆ ನಿಲ್ಲುವುದಿಲ್ಲ ಎಂದು ಆವತ್ತೇ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ.

ಆ ಬೆಳಿಗ್ಗೆ ನಡು ಕೇರಿ ದಾಟಿ ಸಿಗುವ ಮೋರಿಯ ತನಕ ಹೋದೆ. ಅಲ್ಲಿಂದ ರೈಲು ಕೇರಿಯ ಮೊದಲ ಮನೆ ಕಾಣುತ್ತದೆ. ಅಂಗಳದಲ್ಲಿ ಯಾರೋ ಒಬ್ಬ ಹೆಂಗಸು ಬಟ್ಟೆ ಹರವುತ್ತಿದ್ದಳು, ನನ್ನನ್ನು ನೋಡಿ ನಿಂತಳು. ನಾನು ತಿರುಗಿ ಹೆದ್ದಾರಿಗೆ ಬಂದು, ಚಾ ಅಂಗಡಿಯಲ್ಲಿ ಕೂತು, ಹೊತ್ತು ಕಳೆದು ಮನೆಗೆ ಹೋದೆ.

"ಹೇಳಾಯ್ತಾ?" ಅಕ್ಕ ಕೇಳಿದಳು.

"ಆಯ್ತು."

"ಎಲ್ಲಾ ಮನಿಗೂ?"

"ಎಲ್ಲಾ ಮನಿಗೂ."

ಮೊದಲ ದಿನ ನಮ್ಮ ಕೇರಿಯ ಮಕ್ಕಳು ಬಂದರು, ನಡು ಕೇರಿಯವರು ಬಂದರು. ರೈಲು ಕೇರಿಯಿಂದ ಒಂದು ಮಗುವೂ ಬರಲಿಲ್ಲ. ಅವರು ಹಿಂದಿನಂತೆ ಹೆದ್ದಾರಿ ದಾಟಿ ಹಳೆಯ ಶಾಲೆಗೆ ಹೋದರು. ಸುಮನಾ ಆ ಕೇರಿಗೆ ಎಷ್ಟು ಸಲ ಹೋದಳೋ. ಅಲ್ಲಿಯ ಹೆಂಗಸರು ಅವಳಿಗೆ ಮಣೆ ಕೊಟ್ಟು ಕೂರಿಸುತ್ತಿದ್ದರು, ಮಜ್ಜಿಗೆ ಕೊಡುತ್ತಿದ್ದರು, ಮಕ್ಕಳ ವಿಷಯ ಎತ್ತಿದ ಕೂಡಲೇ ನೋಡೋಣ ಎನ್ನುತ್ತಿದ್ದರು. ಬೇಲೆಕೇರಿಯ ಹುಡುಗಿಗೆ ನಮ್ಮ ಕೇರಿಗಳ ಈ ಹಗೆ ಗೊತ್ತಿರಲಿಲ್ಲ. ತನ್ನಲ್ಲೇ ಏನೋ ಕೊರತೆ ಇದೆ ಎಂದು ತಿಳಿದಳು. ಪಾಠ ಹೆಚ್ಚು ಮಾಡಿದಳು, ಹಾಡು ಕಲಿಸಿದಳು, ಸಂಜೆ ತನಕ ಶಾಲೆ ತೆರೆದಿಟ್ಟಳು. ಇದನ್ನೆಲ್ಲ ನಾನು ನೋಡುತ್ತಿದ್ದೆ. ಯಾವ ದಿನವಾದರೂ ಹೋಗಿ ಒಂದು ಮಾತು ಹೇಳಿ ಬರಬಹುದಿತ್ತು. ಆದರೆ ಆಗ ಹೋದರೆ ಮೊದಲು ಹೋಗಿಲ್ಲ ಎಂಬುದು ಬೆಳಕಿಗೆ ಬರುತ್ತದೆ. ಹೀಗೆ ಲೆಕ್ಕ ಹಾಕಿಯೇ ಎರಡು ವರ್ಷ ಕಳೆದೆ.

ಎರಡನೇ ವರ್ಷದ ಕೊನೆಗೆ ಸಮಿತಿಯ ಸಭೆ ಕೂತಿತು. ಅರ್ಧ ಕಾಲನಿಯ ಮಕ್ಕಳು ಇಲ್ಲದೆ ಪರವಾನಗಿ ಉಳಿಯುವುದಿಲ್ಲ ಎಂದು ಅಧ್ಯಕ್ಷರು ಹೇಳಿದರು. ಹೆಡ್ ಅಕ್ಕೋರಿಗೆ, ಎಂದರೆ ಸುಮನಾ ಟೀಚರಿಗೆ, ಜನರನ್ನು ಹಿಡಿದಿಡಲು ಬರುವುದಿಲ್ಲ, ಚಿಕ್ಕ ಪ್ರಾಯ, ಹೊರಗಿನವರು ಬೇರೆ ಎಂದರು. ಸುಮನಾ ತಲೆ ಎತ್ತಲಿಲ್ಲ. ಅಕ್ಕ ಅವಳ ಪರವಾಗಿಯೇ ಮಾತಾಡಲು ಎದ್ದಳು. ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದಳು.

"ತಮಾ, ನೀ ರೈಲು ಕೇರಿಗೆ ಹೇಳಿಕೆಗೆ ಹೋದಾಗ ಅವ್ರು ಎಂತ ಹೇಳಿದ್ರು? ಮನಸ್ಸಿಲ್ಲದ ಹಾಂಗೆ ಕಂಡ್ರಾ?"

ಎಲ್ಲರೂ ನನ್ನನ್ನು ನೋಡಿದರು. "ಇಲ್ಲ. ಬರ್ತೋ ಅಂದ್ರು. ಬೆಲ್ಲ ನೀರೂ ಕೊಟ್ರು," ಎಂದೆ.

ಮೊದಲ ಸುಳ್ಳು ಸೊಕ್ಕಿನಿಂದ ಬಂದದ್ದು. ಈ ಎರಡನೆಯದು ಹೆದರಿಕೆಯಿಂದ ಬಂತು, ಹೆಚ್ಚು ಹಾಳು ಮಾಡಿದ್ದು ಇದೇ. ಹೇಳಿಕೆ ಹೋಗಿದೆ, ಬೆಲ್ಲ ನೀರು ಕೊಟ್ಟು ಬರುತ್ತೇವೆ ಎಂದಿದ್ದರು ಎಂದ ಮೇಲೆ, ಕೆಟ್ಟದ್ದು ಆಮೇಲೆ ಕೆಟ್ಟಿರಬೇಕು. ಆಮೇಲೆ ಶಾಲೆ ಇದ್ದದ್ದು ಸುಮನಾಳ ಕೈಯಲ್ಲಿ. ಅಕ್ಕ, ಹಾಗಾದರೆ ತಪ್ಪು ತನ್ನದು, ಈ ಹುಡುಗಿಗೆ ಕಲಿಸಿದ್ದು ಸಾಲಲಿಲ್ಲ, ಮುಂದಿನ ವರ್ಷ ಶಾಲೆಯನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ ಕೂತಳು. ಅದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಸುಮನಾ ಬೀಗದ ಕೈ ಮೇಜಿನ ಮೇಲಿಟ್ಟು, ಎಲ್ಲರಿಗೂ ಕೈ ಮುಗಿದು ಹೋದಳು. ಬಸ್ ನಿಲ್ದಾಣದ ತನಕ ಬಿಡುತ್ತೇನೆ ಎಂದು ನಾನು ರಿಕ್ಷಾ ಹೊರಡಿಸಿದೆ. ಬೇಡ, ನಡೆದು ಹೋಗುತ್ತೇನೆ ಎಂದಳು.

ಅಕ್ಕ ಹೆಡ್ ಆದರೂ ರೈಲು ಕೇರಿ ಬರಲಿಲ್ಲ, ಯಾಕೆಂದು ಅವಳಿಗೂ ಹೇಳಲಿಲ್ಲ. ಮೂರನೇ ವರ್ಷ ಮುಗಿದಾಗ ಪರವಾನಗಿ ಹೋಯಿತು. ಎಲ್ಲ ಮಕ್ಕಳೂ ಮತ್ತೆ ಹೆದ್ದಾರಿ ದಾಟತೊಡಗಿದರು. ನನ್ನ ಮಗಳನ್ನು ಕೈ ಹಿಡಿದು ದಾಟಿಸಿದವನು ನಾನೇ. ಕಟ್ಟಡದಲ್ಲಿ ಈಗ ಪಡಿತರದ ಅಕ್ಕಿ ಹಂಚುತ್ತಾರೆ.

ಅಕ್ಕ ಅದರ ಬಗ್ಗೆ ಅಳಲಿಲ್ಲ, ಬೇರೆ ಶಾಲೆಗಳ ಕೆಲಸ ನಡೆಸಿಕೊಂಡು ಹೋದಳು. ಆದರೆ ಅವಳ ತರಬೇತಿಯಿಂದ ಹೇಳಿಕೆಯ ಪಾಠ ಹೋಯಿತು. ಯಾಕೆ ಬಿಟ್ಟಿರಿ ಎಂದು ಎಂ.ಎ. ಮಾಸ್ತರರು ಕೇಳಿದಾಗ, ಅದೆಲ್ಲ ಹಳೇ ಊರಿನದು, ಹೊಸ ಊರಿಗೆ ತಾಗುವುದಿಲ್ಲ ಕಾಣುತ್ತದೆ ಎಂದಳಂತೆ. ಅವಳು ತಾನಾಗಿ ಕಂಡುಕೊಂಡ ಪಾಠ ಅದೊಂದೇ. ಉಳಿದವೆಲ್ಲ ಬೇರೆಯವರಿಂದ ಕಲಿತವು. ಅದನ್ನು ನಾನು ಸುಳ್ಳು ಮಾಡಿಬಿಟ್ಟೆ. ಆಮೇಲೆ ತರಬೇತಿಗೆ ಬೈಯಲು ನಾನು ಹೋಗಲಿಲ್ಲ. ಗಂಟಲು ಸರಿ ಇಲ್ಲ ಎಂದೆ. ಅವಳು ಅದನ್ನೂ ನಂಬಿದಳು. ಕಷಾಯ ಮಾಡಿಕೊಟ್ಟಳು.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಕಾಯಿಲೆ ಹೆಚ್ಚಾಯಿತು. ಕಾರವಾರದ ಆಸ್ಪತ್ರೆಯಲ್ಲಿ ಅವಳ ಹತ್ತಿರ ಕೂರುತ್ತಿದ್ದವನು ನಾನು. ಒಂದು ಮಧ್ಯಾಹ್ನ ನಾನು ಕಿತ್ತಳೆ ಸುಲಿಯುತ್ತಿದ್ದೆ. ಅವಳು ಕಿಟಕಿ ನೋಡುತ್ತ ಹೇಳಿದಳು.

"ಆ ಬೇಲೆಕೇರಿ ಹುಡುಗಿಗೆ ನಾ ಎಂತ ಕಲ್ಸೂದು ಬಿಟ್ಟೆ ಅಂತ ಇವತ್ತಿಗೂ ತಿಳೀಲಿಲ್ಲ ತಮಾ. ಎಲ್ಲರಿಗಿಂತ ಚಲೋ ಇತ್ತು ಅದು."

ನಾನು ಕಿತ್ತಳೆಯ ತೊಳೆ ಬಿಡಿಸಿ ಅವಳ ಕೈಗೆ ಕೊಟ್ಟೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬಹುದಿತ್ತು. ನಾಳೆ ಹೇಳಿದರಾಯಿತು, ಈಗ ದಣಿದಿದ್ದಾಳೆ ಎಂದುಕೊಂಡೆ. ಆಮೇಲೆ ಅವಳಿಗೆ ಎಚ್ಚರ ಇದ್ದ ದಿನಗಳು ಕಡಿಮೆ.

ಅಕ್ಕನ ತಿಥಿಯ ಊಟಕ್ಕೆ ಹೇಳಿಕೆ ಕೊಡಬೇಕಾದವನು ನಾನೇ. ಈ ಸಲ ಮೊದಲು ರೈಲು ಕೇರಿಗೆ ಹೋದೆ. ಮೊದಲ ಮನೆ ಬೀರಣ್ಣನದು, ಆ ಕೇರಿಗೆ ಹಿರಿಯ ಅವನು. ಜಗುಲಿಯ ಕೆಳಗೆ ನಿಂತು, ಹೆಸರು ಹಿಡಿದು ಹೇಳಿದೆ. ಅವನು ಸೊಸೆಯನ್ನು ಕರೆದು ಬೆಲ್ಲ ನೀರು ತರಿಸಿದ. ನಾನು ಕುಡಿದು ಚೊಂಬು ಕೆಳಗಿಟ್ಟೆ.

"ಬರ್ತೋ ನಾವು. ಅಕ್ಕೋರು ದೊಡ್ಡೋರು," ಎಂದ. ಚೊಂಬನ್ನು ಬದಿಗೆ ಸರಿಸಿ ಹೇಳಿದ, "ಶಾಲೆದಕ್ಕೂ ಬರೂದು ಇತ್ತು ಮಾರಾಯ. ಆ ದಿನ ಹೆಂಗಸ್ರು ಹುಡುಗ್ರಿಗೆ ಮೀಸಿ, ತಲೆ ಬಾಚಿ, ಇದೇ ಜಗುಲಿ ಮೇಲೆ ಕೂರ್ಸಿದ್ರು. ಹೇಳಿಕೆ ತಡ ಆಯ್ತು, ನೀ ಈಗ ಬಂದ್ರೂ ಬರ್ಬಹುದು ಅಂತ. ಗಂಟೆ ಹೊಡ್ದದ್ದು ಕೇಳ್ತು. ನೀ ಬರ್ಲಿಲ್ಲ."

"ಒಂದು ಮಾತು ಕೇಳ್ಬಹುದಿತ್ತಲ್ಲ ಬೀರಣ್ಣ."

"ಕೇಳೂದು? ಹೇಳಿಕೆನಾ?" ಎಂದ ಅವನು. ನಾನು ತಲೆ ತಗ್ಗಿಸಿ ಮುಂದಿನ ಮನೆಗೆ ಹೋದೆ. ಊಟಕ್ಕೆ ಆ ಕೇರಿಯ ಎಲ್ಲರೂ ಬಂದರು. ಒಂದು ಎಲೆಯೂ ಉಳಿಯಲಿಲ್ಲ.

ಅದರ ಮರುವಾರ ಬೇಲೆಕೇರಿಗೆ, ಸುಮನಾ ಅಕ್ಕೋರ ಮನೆಗೆ ಹೋದೆ. ಸುಮನಾ ಈಗ ಕಾರವಾರದ ಒಂದು ಶಾಲೆಯಲ್ಲಿ ಸಣ್ಣ ಇಯತ್ತೆಗೆ ಕಲಿಸುತ್ತಾರೆ. ಮತ್ತೆ ಎಲ್ಲಿಯೂ ಹೆಡ್ ಆಗಲಿಲ್ಲ. ಕೇಳಿದವರಿಗೆ ತನಗೆ ಅದು ಬರುವುದಿಲ್ಲ ಎನ್ನುತ್ತಾರಂತೆ. ನಾನು ಮೋರಿಯಿಂದ ತಿರುಗಿ ಬಂದದ್ದು, ಸಭೆಯಲ್ಲಿ ಹೇಳಿದ್ದು, ಆಸ್ಪತ್ರೆಯಲ್ಲಿ ಹೇಳದೆ ಉಳಿದದ್ದು, ಎಲ್ಲವನ್ನೂ ಅವರ ಅಂಗಳದಲ್ಲಿ ನಿಂತು ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದರು. ಮುಖ ಕೆಂಪಾಯಿತು. ಒಳಗೆ ಹೋಗಿಬಿಡುತ್ತಾರೆ ಎಂದುಕೊಂಡೆ, ಹೋಗಲಿಲ್ಲ.

"ನಂಗೆ ಹೇಳಿ ಎಂತ ಪ್ರಯೋಜನ?" ಎಂದರು. "ಸಭೇಲಿ ಹೇಳಿದ್ದು ನೀವು. ಸಭೇಲೇ ವಾಪಸ್ ತಕಳಿ."

ಅಕ್ಕನ ನೆನಪಿಗೆ ಸಂಸ್ಥೆಯವರು ಕಾರವಾರದಲ್ಲಿ ಒಂದು ಸಭೆ ಇಟ್ಟಿದ್ದರು. ಅವಳು ತಯಾರು ಮಾಡಿದ ಹೆಡ್‌ಗಳೆಲ್ಲ ಬಂದಿದ್ದರು, ನಮ್ಮ ಕಾಲನಿಯ ಹಳೆಯ ಸಮಿತಿಯವರೂ ಇದ್ದರು. ಸುಮನಾ ಅಕ್ಕೋರಿಗೆ ನಾನೇ ಹೋಗಿ ದಿನ ತಿಳಿಸಿ ಬಂದಿದ್ದೆ. ಅವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಒಬ್ಬೊಬ್ಬರೂ ಅಕ್ಕನ ಕುರ್ಚಿಯ ಕತೆ, ಬಾಲ್ದಿಯ ಮಾತು ಹೇಳಿ ನಗಿಸಿದರು. ಅಕ್ಕನ ತಮ್ಮ ಎಂದು ನನ್ನನ್ನೂ ಮಾತಿಗೆ ಕರೆದರು. ನನಗೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ. ರೈಲು ಕೇರಿಗೆ ನಾನು ಹೇಳಿಕೆಗೆ ಹೋಗಲಿಲ್ಲ, ಹೋಗಿದ್ದೇನೆಂದು ಎರಡು ಸಲ ಸುಳ್ಳು ಹೇಳಿದೆ, ಸುಮನಾ ಅಕ್ಕೋರ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ, ನನ್ನ ಅಕ್ಕನ ಕಲಿಸುವಿಕೆಯಲ್ಲೂ ತಪ್ಪಿರಲಿಲ್ಲ ಎಂದೆ.

ವೇದಿಕೆಯ ಮೇಲಿದ್ದ ನಮ್ಮ ಹಳೆಯ ಸಮಿತಿಯ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, ಇರಲಿ, ಮನುಷ್ಯ ಅಂದ ಮೇಲೆ ಹೀಗೆಲ್ಲ ಆಗುತ್ತದೆ, ಹಳೇ ಮಾತು, ಈಗ ಊಟದ ಹೊತ್ತಾಯಿತು ಎಂದರು. ಕೆಲವರು ಏಳತೊಡಗಿದರು.

ಹಿಂದಿನ ಸಾಲಿನಲ್ಲಿ ಸುಮನಾ ಎದ್ದು ನಿಂತರು. "ಇರ್ಲಿ ಅಲ್ಲ ಸರ್. ಆವತ್ತಿನದು ಬರ್ದಿತ್ತು. ಇದನ್ನೂ ಬರ್ಕಳ್ಳಿ."

ಎದ್ದವರು ಕೂತರು. ಸಭೆಯ ನಡಾವಳಿ ಬರೆಯುವವರು ಪೆನ್ನಿನ ಮುಚ್ಚಳ ತೆಗೆದು, ಮೊದಲಿಂದ ಹೇಳಿ ಎಂದರು. ನಾನು ಮೊದಲಿಂದ ಹೇಳಿದೆ. ಅವರ ಕೈ ನಿಧಾನ, ಒಂದೊಂದು ಮಾತಿಗೂ ನಿಂತು ಕಾಯಬೇಕಾಯಿತು. ಬರೆದದ್ದನ್ನು ಅವರು ಎಲ್ಲರಿಗೂ ಕೇಳುವಂತೆ ಓದಿ ಮುಗಿಸುವ ತನಕ ಸುಮನಾ ಕೂರಲಿಲ್ಲ.